ಕಲ್ಲು ಕಿತ್ತ ಹೊಳೆಗೆ ಮತ್ತೆ ಕಲ್ಲು

ಉತ್ತರ ಸ್ವೀಡನ್ನಿನ ವಿಂಡೆಲ್ ನದಿಯಲ್ಲಿ ಹುಟ್ಟು ಹಾಕುವವರ ಕಣ್ಣು ಸದಾ ಬಂಡೆಗಳ ಮೇಲೆ. ಎರಡು ಬಂಡೆಗಳ ನಡುವೆ ನೀರು ನುಣ್ಣಗೆ ಜಾರುತ್ತಿದ್ದರೆ ಅಲ್ಲಿ ದಾರಿಯಿದೆ. ಬಂಡೆಯ ಬೆನ್ನಿಗೆ ನೀರು ಹಿಂದಕ್ಕೆ ಸುತ್ತುತ್ತಿದ್ದರೆ ಅಲ್ಲಿ ದೋಣಿ ತಿರುಗಿಸಿ ದಣಿವಾರಿಸಿಕೊಳ್ಳಬಹುದು. ಆದರೆ ಈ ನದಿಯಲ್ಲೂ ಇದಕ್ಕೆ ಸೇರುವ ತೊರೆಗಳಲ್ಲೂ ಕೆಲವೆಡೆ ಬಂಡೆಯೇ ಇರಲಿಲ್ಲ. ನೀರು ಕಾಲುವೆಯ ಹಾಗೆ ಒಂದೇ ಸಮನೆ ಓಡುತ್ತಿತ್ತು.

ಅದು ಮರದ ವ್ಯಾಪಾರ ಮಾಡಿದ ಕೆಲಸ. 19ನೇ ಶತಮಾನದ ನಡುಭಾಗದಿಂದ 1976ರವರೆಗೆ ಇಲ್ಲಿ ದಿಮ್ಮಿಗಳನ್ನು ತೇಲಿಬಿಡುತ್ತಿದ್ದರು. ಚಳಿಗಾಲದಲ್ಲಿ ಕಡಿದ ಪೈನ್, ಸ್ಪ್ರೂಸ್ ಮರಗಳು ಹಿಮ ಕರಗಿ ಬರುವ ನೆರೆಯಲ್ಲಿ ಕರಾವಳಿಯತ್ತ ಸಾಗುತ್ತಿದ್ದವು. ಎಲ್ಲ ಮರವೂ ಹೀಗೆ ಸಾಗದು: ಹಸಿ ಬರ್ಚ್ ಹೆಚ್ಚುಕಮ್ಮಿ ನೀರಿನಷ್ಟೇ ಭಾರ. ದೂರ ಹೋಗುವ ಮೊದಲೇ ಮುಳುಗಬಹುದು. ತೇಲುವ ಮರಗಳಲ್ಲೂ ಒಂದು ದಿಮ್ಮಿ ಬಂಡೆಗೆ ಅಡ್ಡ ಸಿಕ್ಕರೆ ಹಿಂದಿನವೆಲ್ಲ ಅದರ ಮೇಲೆ ಪೇರಿಕೊಳ್ಳುತ್ತವೆ. ಹಾಗಾಗಿ ದೊಡ್ಡ ಬಂಡೆಗಳನ್ನು ಸಿಡಿಮದ್ದಿನಿಂದ ಒಡೆದರು, ಆಮೇಲೆ ಬುಲ್ಡೋಜರ್ ತಂದು ಉಳಿದವನ್ನು ದಡಕ್ಕೆ ತಳ್ಳಿದರು, ಕವಲುಗಳಿಗೆ ಕಲ್ಲುಗೋಡೆ ಕಟ್ಟಿದರು. 1970ರಲ್ಲಿ ಸರ್ಕಾರ ಇಲ್ಲಿ ಜಲವಿದ್ಯುತ್ ಅಣೆಕಟ್ಟು ಬೇಡವೆಂದು ತೀರ್ಮಾನಿಸಿತು. ಅಣೆಕಟ್ಟಿಲ್ಲವೆಂದು ಇದನ್ನು ಕನ್ನೆನದಿ ಎಂದು ಕೊಂಡಾಡುವುದು ಮಾತ್ರ ಸ್ವಲ್ಪ ಅವಸರದ ಮಾತು.

ಬಂಡೆ ಹೋದರೆ ನಷ್ಟವೇನು? ಈ ತೊರೆಗಳಲ್ಲಿ ಊಟ ಬರುವುದು ಬಹುಪಾಲು ದಡದ ಮರಗಳಿಂದ. ಉದುರಿದ ಎಲೆ ಕಲ್ಲುಗಳ ಸಂದಿಯಲ್ಲಿ ಸಿಕ್ಕಿ ಕೊಳೆತರೆ ಹುಳುಗಳು ತಿನ್ನುತ್ತವೆ, ಹುಳುಗಳನ್ನು ಟ್ರೌಟ್ ಮೀನು ತಿನ್ನುತ್ತದೆ. ನುಣುಪಾದ ಪಾತ್ರದಲ್ಲಿ ಎಲೆ ನಿಲ್ಲುವುದಿಲ್ಲ. ಟ್ರೌಟ್ ಮೊಟ್ಟೆಯಿಡಲು ಬೇಕಾದ ಸಣ್ಣ ಜಲ್ಲಿಯೂ ಕೊಚ್ಚಿಹೋಗುತ್ತದೆ. ಮರಿಗಳಂತೂ ಜಗಳಗಂಟಿಗಳು, ಒಂದರ ಕಣ್ಣಿಗೆ ಇನ್ನೊಂದು ಬೀಳದಂತೆ ಬಂಡೆ ಮರೆಯಾದರೆ ಅಷ್ಟೇ ಜಾಗದಲ್ಲಿ ಹೆಚ್ಚು ಮರಿಗಳು ಬದುಕುತ್ತವೆ.

ಇತ್ತೀಚಿನ ದಶಕಗಳಲ್ಲಿ ಅಗೆಯುವ ಯಂತ್ರಗಳು ದಡದ ಕಲ್ಲುಗಳನ್ನು ಮತ್ತೆ ನೀರಿಗಿಳಿಸಿವೆ. ದೊಡ್ಡ ಬಂಡೆಗಳು ಆಗಲೇ ಪುಡಿಯಾಗಿದ್ದವಲ್ಲ, ಕೆಲವು ತೊರೆಗಳಿಗೆ ಸುತ್ತಲಿನ ನೆಲದಿಂದ ಬೇರೆ ಬಂಡೆ ತರಬೇಕಾಯಿತು. ಇದರಿಂದ ದಡದ ಗಿಡಗಳಿಗೂ ಲಾಭವಿದೆ, ಏಕೆಂದರೆ ಅವುಗಳಲ್ಲಿ ಹಲವುಗಳ ಬೀಜ ಪಸರಿಸುವುದು ನೀರಿನ ಮೂಲಕ, ಕಲ್ಲಿದ್ದರೆ ಬೀಜ ಸಿಕ್ಕಿಕೊಂಡು ನಿಲ್ಲುತ್ತದೆ. ಇದನ್ನು ಅಳೆಯಲು ಉಮಿಯೊ ವಿಶ್ವವಿದ್ಯಾಲಯದ ಕ್ರಿಸ್ಟರ್ ನಿಲ್ಸನ್ ಮತ್ತು ಸಂಗಡಿಗರು ಬೀಜದ ಬದಲಿಗೆ ಮರದ ಪುಟ್ಟ ಘನಗಳನ್ನು ತೇಲಿಬಿಟ್ಟರು. ಮರ ಸಿಕ್ಕಿಕೊಳ್ಳದಿರಲೆಂದೇ ಸಪಾಟಾಗಿಸಿದ್ದ ತೊರೆಗಳಲ್ಲಿ, ಈ ಸಲ ಎಷ್ಟು ತುಂಡು ಸಿಕ್ಕಿಕೊಂಡಿವೆ ಎಂದು ಎಣಿಸಿದರು. ಕಲ್ಲು ಮರಳಿಸಿದ ಕಡೆ ಹೆಚ್ಚು ಸಿಕ್ಕವು.