ಹೊಸ್ತಿಲಿನಿಂದಾಚೆಯ ಮನೆ

ಮನೆ ಕೊಳ್ಳಹೊರಟ ಗೃಹಸ್ಥನು ಬಾಗಿಲು ಯಾವ ದಿಕ್ಕಿಗಿದೆ, ಕೊಳವೆಬಾವಿಯಲ್ಲಿ ನೀರೆಷ್ಟು, ಪತ್ರಗಳು ಶುದ್ಧವಾಗಿವೆಯೆ ಎಂದು ವಿಚಾರಿಸುತ್ತಾನೆ. ವಿಚಾರಿಸತಕ್ಕದ್ದೇ. ಆದರೆ ಹೊಸ್ತಿಲು ದಾಟಿದ ಮೇಲೆ ಕಾಲಿಡುವ ನೆಲವೆಂಥದು ಎಂಬ ಪ್ರಶ್ನೆಗೆ ಕ್ರಯಪತ್ರದಲ್ಲಿ ಸ್ಥಳವಿಲ್ಲ.

ನಾನೂ ನನ್ನಾಕೆಯೂ ಆರು ತಿಂಗಳು ಬೆಂಗಳೂರಿನಲ್ಲಿ ಮನೆ ಹುಡುಕಿದೆವು. ನಮ್ಮೊಡನೆ ಎಂಬತ್ತನ್ನು ಸಮೀಪಿಸಿದ ತಾಯಿಯವರಿದ್ದಾರೆ. ದಿನಕ್ಕೊಮ್ಮೆ ತಾವೇ ಹೋಗಿ ಸೊಪ್ಪು ಆರಿಸಿ, ಹೂವಿನವಳೊಡನೆ ಎರಡು ಮಾತನಾಡಿ ಬಂದರೇನೇ ಅವರಿಗೆ ಅನ್ನ ರುಚಿಸುವುದು. ನಗರದ ಹೊರವಲಯದಲ್ಲಿ ನಮ್ಮ ಹಣಕ್ಕೆ ಮೂರು ಕೋಣೆಗಳ ವಿಶಾಲವಾದ ಮನೆ ದೊರೆಯುತ್ತಿತ್ತು. ಅದನ್ನು ನೋಡಿ ಬಂದ ರಾತ್ರಿ ಅಮ್ಮ, “ಸೊಪ್ಪಿಗೂ ಕಾರು ಬರಲೆಂದು ಕಾಯಬೇಕಾದ ಮನೆ ನನಗೆ ಬೇಡಪ್ಪಾ” ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ದಲ್ಲಾಳಿಗಳ ಬಾಯಲ್ಲಿ ಎಲ್ಲವೂ “ಐದೇ ನಿಮಿಷ.” ಯಾರ ಕಾಲಿನ ಐದು ನಿಮಿಷ? ಗಟ್ಟಿಮುಟ್ಟಾದವನು ನಿಮಿಷಕ್ಕೆ ಸುಮಾರು 80 ಮೀಟರಿನಂತೆ ಅಷ್ಟರಲ್ಲಿ 400 ಮೀಟರು ನಡೆದಾನು. ಅಮ್ಮನಿಗೆ ಅದೇ ದೂರಕ್ಕೆ ಎಂಟು ನಿಮಿಷ ಬೇಕು. ನಡುವೆ ಹೆದ್ದಾರಿಯೊಂದು ಅಡ್ಡ ಬಂದರೆ ಲೆಕ್ಕವೇ ಉಳಿಯದು.

ಹೀಗೆ ಅಲೆದು ಕೊನೆಗೆ ಮಲ್ಲೇಶ್ವರಕ್ಕೆ ಬಂದೆವು. 1898ರ ಪ್ಲೇಗಿನ ತರುವಾಯ ಬಸವನಗುಡಿಯೂ ಇದೂ ರೂಪುಗೊಂಡವು. ಮೋಟಾರುಗಳಿಲ್ಲದ ಕಾಲದಲ್ಲಿ ಹಾಕಿದ ಬೀದಿಗಳಾದ್ದರಿಂದ ಅವಕ್ಕೆ ಕಾಲಿನ ಅಳತೆ ಗೊತ್ತು. ಒಂದು ಅಡ್ಡರಸ್ತೆಯಿಂದ ಮುಂದಿನದಕ್ಕೆ ದೂರವಿಲ್ಲ. ದಣಿದರೆ ಬೇಗ ಹಿಂದಿರುಗಬಹುದು. ಎಂಟನೆಯ ಅಡ್ಡರಸ್ತೆಯಲ್ಲಿ ಹೂವು, ಹಣ್ಣು, ತರಕಾರಿ. ದಕ್ಷಿಣದ ತುದಿಯಲ್ಲಿ 2014ರಲ್ಲಿ ತೆರೆದ ಸಂಪಿಗೆ ರಸ್ತೆಯ ಮೆಟ್ರೋ ನಿಲ್ದಾಣ. ಮರಗಳ ನೆರಳಂತೂ ಹೊಸ ಬಡಾವಣೆಗಳಲ್ಲಿ ಹಣ ಕೊಟ್ಟರೂ ಸಿಕ್ಕದು.

ಹಾಗೆಂದು ಎಲ್ಲವೂ ಚೆನ್ನೆಂದಲ್ಲ. ಕಾಲುದಾರಿಯಲ್ಲಿ ನಡೆಯಲು ಕನಿಷ್ಠ 1.8 ಮೀಟರು ಅಗಲ ತೆರವಾಗಿರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಸೂತ್ರ ಹೇಳುತ್ತದೆ. ನನ್ನ ಕೊಡೆಯನ್ನು ಅಡ್ಡ ಹಿಡಿದು ಅಳೆದಾಗ, ಹಲವೆಡೆ ಒಂದು ಕೊಡೆಗೂ ಎಡೆಯಿರಲಿಲ್ಲ: ಟ್ರಾನ್ಸ್‌ಫಾರ್ಮರು, ನಿಲ್ಲಿಸಿದ ಸ್ಕೂಟರು, ಚರಂಡಿಯ ಮೇಲೆ ಅಲುಗಾಡುವ ಚಪ್ಪಡಿ. ಕೆಲವು ಕಡೆ ಕಾಲುದಾರಿಯ ಎತ್ತರವೇ ಮುದಿಮಂಡಿಗೆ ಶಿಕ್ಷೆ. ಈ ಕಾರಣಕ್ಕೆ ಚೆಲುವಾದ ಎರಡು ಮನೆಗಳನ್ನು ಬಿಟ್ಟೆವು.

ನನ್ನಾಕೆಯ ಪರೀಕ್ಷೆ ಬೇರೆ. ಹಗಲಿನಲ್ಲಿ ಒಪ್ಪಿದ ಬೀದಿಯನ್ನು ರಾತ್ರಿ ಎಂಟಕ್ಕೆ ಮತ್ತೆ ನೋಡಬೇಕೆಂದಳು. ದೀಪ ಕೊಂಬೆಗಳ ಮೇಲೆ ಉರಿದು ಕೆಳಗೆ ಕತ್ತಲೆಯಿದೆಯೆ? ಹೆಂಗಸರು ಒಬ್ಬೊಬ್ಬರೇ ನಿಶ್ಚಿಂತೆಯಿಂದ ನಡೆಯುತ್ತಾರೆಯೆ? ನೀಲಿನಕ್ಷೆ ನೋಡುವುದರಲ್ಲಿಯೇ ಮುಳುಗಿದ್ದ ನನಗೆ ಇದು ಹೊಳೆಯುತ್ತಿರಲಿಲ್ಲವೆಂದು ಬೇರೆ ಹೇಳಬೇಕೆ?

ಕೊನೆಗೆ ಎರಡೇ ಕೋಣೆಗಳ ಹಳೆಯ ಮನೆಯೊಂದಕ್ಕೆ ಮುಂಗಡ ಕೊಟ್ಟಿದ್ದೇವೆ. ನನ್ನ ಪುಸ್ತಕದ ಬೀರುಗಳಿಗೆ ಅಲ್ಲಿ ಎಡೆಯಿಲ್ಲ, ಅರ್ಧವನ್ನು ಹಂಚಬೇಕಾಗಿದೆ. ನೋಂದಣಿ ಮುಂದಿನ ತಿಂಗಳು. ಅಮ್ಮ ಈಗಾಗಲೇ ಜಾರದ ಅಟ್ಟೆಯ ಹೊಸ ಚಪ್ಪಲಿ ತರಿಸಿಕೊಂಡಿದ್ದಾರೆ.