ಶಕ್ತಿ ಇರುವುದು ಸೈಲೆನ್ಸರ್‌ನೊಳಗೆ

ಮೂಡಿಗೆರೆ, ಕಳಸದ ಕಡೆಯ ಎಸ್ಟೇಟುಗಳಿಗೆ ಜಾವಾ, ಯೆಜ್ಡಿ ಬೈಕುಗಳು ಹೊಸವಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದ ಮೇಲೆ ಶೆಡ್ಡು ಸೇರಿದ ಗಾಡಿಗಳನ್ನು ಈಗ ಹುಡುಕಿ ತೆಗೆದು, ಬೋರ್ ಮಾಡಿಸಿ, ಟ್ಯಾಂಕಿಗೆ ಬಣ್ಣ ಹೊಡೆಸಿ ಓಡಿಸುವವರಿದ್ದಾರೆ. ಅವರಲ್ಲಿ ಹಲವರು ಮಾಡುವ ಮೊದಲ ಕೆಲಸ, ಸೈಲೆನ್ಸರ್ ಒಳಗೆ ಸದ್ದು ತಗ್ಗಿಸುವ ಬ್ಯಾಫಲ್ ಕಿತ್ತು ಹಾಕುವುದು. ಸದ್ದು ಜೋರಾಗುತ್ತದೆ, ನಿಜ. ಆದರೆ ಈ ಗಾಡಿಗಳ ಟೂ ಸ್ಟ್ರೋಕ್ ಎಂಜಿನ್ನಿಗೆ ಸದ್ದೂ ಒಂದು ಬಿಡಿಭಾಗವೇ!

ಈ ಎಂಜಿನ್ನಿಗೆ ಫೋರ್ ಸ್ಟ್ರೋಕ್‌ನಂತೆ ವಾಲ್ವ್ ಇಲ್ಲ. ಸಿಲಿಂಡರ್ ಗೋಡೆಯಲ್ಲಿ ಕಿಂಡಿಗಳಿವೆ; ಪಿಸ್ಟನ್ನೇ ಅವನ್ನು ಮುಚ್ಚಿ ತೆರೆಯುತ್ತದೆ. ಹೊಗೆ ಹೋಗುವ ಕಿಂಡಿ ತೆರೆದಿರುವಾಗಲೇ ಹೊಸ ಪೆಟ್ರೋಲ್-ಗಾಳಿ ಒಳಗೆ ನುಗ್ಗುವುದರಿಂದ ಅದರಲ್ಲೊಂದು ಪಾಲು ಉರಿಯದೆ ಹೊಗೆಯ ಜೊತೆ ಹೊರಗೆ ಹೋಗಿಬಿಡುತ್ತದೆ. ಮೈಲೇಜ್ ಕಡಿಮೆ ಎಂಬ ಹಳೇ ದೂರಿನ ಮೂಲ ಇಲ್ಲಿದೆ.

ಈ ಸೋರಿಕೆಗೆ ಮದ್ದು ಸಿಕ್ಕಿದ್ದು ಗ್ರ್ಯಾನ್‌ಪ್ರಿ ರೇಸ್‌ಗಳಲ್ಲಿ. ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯ ವಾಲ್ಟರ್ ಕಾಡೆನ್ ಹೊಗೆಕೊಳವೆಯನ್ನು ನಡುವೆ ಉಬ್ಬಿಸಿ, ತುದಿಯಲ್ಲಿ ಕಿರಿದಾಗಿಸಿದರು. ಕಿಂಡಿ ತೆರೆದೊಡನೆ ಒತ್ತಡದ ಅಲೆಯೊಂದು ಕೊಳವೆಯಲ್ಲಿ ಓಡುತ್ತದೆ. ಅಗಲವಾಗುವ ಭಾಗದಲ್ಲಿ ಅದು ಹೀರುವ ಅಲೆಯನ್ನು ಹಿಂದಕ್ಕೆ ಕಳಿಸಿ ಸಿಲಿಂಡರಿನ ಹೊಗೆಯನ್ನು ಎಳೆದುಕೊಳ್ಳುತ್ತದೆ. ಕಿರಿದಾಗುವ ಭಾಗಕ್ಕೆ ಬಡಿದಾಗ, ಕಣಿವೆಗೆ ಕೂಗಿದ ಮರುದನಿಯಂತೆ, ಒತ್ತುವ ಅಲೆಯಾಗಿ ಮರಳಿ ಬಂದು ತಪ್ಪಿಸಿಕೊಂಡಿದ್ದ ಪೆಟ್ರೋಲ್-ಗಾಳಿಯನ್ನು ಸಿಲಿಂಡರಿಗೇ ತುರುಕುತ್ತದೆ.

ಲೆಕ್ಕ ಸರಳ. ನಿಮಿಷಕ್ಕೆ 10,000 ಸುತ್ತು ಎಂದರೆ ಒಂದು ಸುತ್ತಿಗೆ 6 ಮಿಲಿಸೆಕೆಂಡ್. ಕಿಂಡಿ ತೆರೆದಿರುವುದು ಅದರ ಅರ್ಧ, 3 ಮಿಲಿಸೆಕೆಂಡ್. ಬಿಸಿ ಹೊಗೆಯಲ್ಲಿ ಅಲೆ ಸೆಕೆಂಡಿಗೆ ಸುಮಾರು 500 ಮೀಟರ್ ಓಡುತ್ತದೆ. ಅಷ್ಟರೊಳಗೆ ಒಂದೂವರೆ ಮೀಟರ್ ಹೋಗಿ ಬರಬೇಕಾದರೆ ಕೊಳವೆ ಮುಕ್ಕಾಲು ಮೀಟರ್ ಉದ್ದ ಇರಬೇಕು. ಎಂಜಿನ್ ವೇಗ ಬದಲಾದರೆ ಅಲೆ ಹೊತ್ತು ತಪ್ಪಿ ಬರುತ್ತದೆ. ರೇಸ್ ಗಾಡಿಗಳು ಒಂದು ವೇಗ ದಾಟುವವರೆಗೆ ಸಪ್ಪೆಯಾಗಿದ್ದು, ಆಮೇಲೆ ಒಮ್ಮೆಲೇ ಹಾರುವುದು ಇದಕ್ಕೇ.

1961ರಲ್ಲಿ ಕಾಡೆನ್ 125 ಸಿಸಿಯಿಂದ 25 ಅಶ್ವಶಕ್ತಿ ತೆಗೆದರು; ಎಂಜಿನ್ ಗಾತ್ರದ ಲೀಟರಿಗೆ 200. ಮೈಸೂರಿನ 250 ಸಿಸಿ ಯೆಜ್ಡಿ ರೋಡ್‌ಕಿಂಗ್‌ನದು 16 ಅಶ್ವಶಕ್ತಿ. 1961ರಲ್ಲೇ ಸ್ವೀಡನ್ ಗ್ರ್ಯಾನ್‌ಪ್ರಿಯ 350 ಸಿಸಿ ರೇಸನ್ನು ಚೆಕ್ ಜಾವಾ ಕಂಪನಿಯ ಫೋರ್ ಸ್ಟ್ರೋಕ್‌ನಲ್ಲಿ ಫ್ರಾಂಟಾ ಸ್ಟಾಸ್ಟ್ನಿ ಗೆದ್ದರು. ಆದರೆ ಚರಿತ್ರೆ ಸೇರಿದ್ದು ತನ್ನ ದೇಶಕ್ಕೆ ಮರಳದೆ ಅಲ್ಲಿಂದಲೇ ಪರಾರಿಯಾದ ಎಂಜೆಡ್ ಸವಾರ ಅರ್ನ್‌ಸ್ಟ್ ಡೆಗ್ನರ್. ಕಾಡೆನ್‌ನ ಗುಟ್ಟು ಆತನೊಂದಿಗೆ ಜಪಾನಿನ ಸುಜುಕಿಗೆ ಹೋಯಿತು. 1962ರ 50 ಸಿಸಿ ವಿಶ್ವ ಚಾಂಪಿಯನ್‌ಷಿಪ್ ಸುಜುಕಿಯದಾಯಿತು.

ಮುಂದೆ ಜಾವಾ ಕೂಡ ನಾಲ್ಕು ಸಿಲಿಂಡರಿನ 350 ಸಿಸಿ ಟೂ ಸ್ಟ್ರೋಕ್ ರೇಸ್ ಗಾಡಿ ಕಟ್ಟಿತು. 1969ರ ಜುಲೈ 12ರಂದು ಜರ್ಮನಿಯ ಸಾಕ್ಸೆನ್‌ರಿಂಗ್‌ನಲ್ಲಿ ಅಭ್ಯಾಸದ ವೇಳೆ ಎಂಜಿನ್ ಸೀಜ್ ಆಗಿ, ಅಂದರೆ ಬಿಗಿದು ನಿಂತು, ಸವಾರ ಬಿಲ್ ಐವಿ ತೀರಿಕೊಂಡರು.

ಸೀಜ್ ಆಗುವ ಭಯ ನಮ್ಮ ಘಾಟಿಯಲ್ಲೂ ಇದೆ. ಯೆಜ್ಡಿಗೆ ಬೇರೆ ಎಂಜಿನ್ ಆಯಿಲ್ ಪಂಪ್ ಇಲ್ಲ. ಪೆಟ್ರೋಲಿಗೆ ಬೆರೆಸಿದ ಆಯಿಲ್ಲೇ ಪಿಸ್ಟನ್ನನ್ನು ಕಾಯಬೇಕು. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಚಕ್ರ ಎಂಜಿನ್ನನ್ನು ತಿರುಗಿಸುತ್ತಲೇ ಇರುತ್ತದೆ, ಆಯಿಲ್ ಮಾತ್ರ ಸಾಕಷ್ಟು ಬರುವುದಿಲ್ಲ. ಏರುವಾಗಿನ ತೊಂದರೆ ಬೇರೆ. ಸಾವಿರ ಮೀಟರ್ ಎತ್ತರದಲ್ಲಿ ಗಾಳಿ ಶೇ. 10ರಷ್ಟು ತೆಳುವಾಗಿ, ಬಯಲಿನಲ್ಲಿ ಟ್ಯೂನ್ ಮಾಡಿದ ಕಾರ್ಬುರೇಟರ್ ಹೆಚ್ಚು ಪೆಟ್ರೋಲ್ ಕೊಡುತ್ತದೆ. ಪ್ಲಗ್ ಬಿಚ್ಚಿದರೆ ತುದಿ ಒದ್ದೆಯಾಗಿ ಕಾಡಿಗೆಯಂತೆ ಕಪ್ಪು.

ಯೆಜ್ಡಿಯ ಸೈಲೆನ್ಸರ್ ಕಾಡೆನ್‌ನ ಕೊಳವೆಯಷ್ಟು ಚುರುಕಲ್ಲ, ಆದರೂ ಅಲೆಯನ್ನು ಹಿಂದೆ ಕಳಿಸುವ ಕೆಲಸವನ್ನು ತನ್ನ ಮಟ್ಟಿಗೆ ಮಾಡುತ್ತದೆ. ಇಂಗಾಲ ಕಟ್ಟಿದ್ದರೆ ಬ್ಯಾಫಲ್ ಹೊರಗೆಳೆದು ಸುಟ್ಟು, ಕೆರೆದು, ಮತ್ತೆ ಅದೇ ಜಾಗಕ್ಕೆ ಹಾಕಿ. ಘಾಟಿ ಇಳಿಯುವಾಗ ಆಗಾಗ ಆಕ್ಸಿಲರೇಟರ್ ತಿರುವುತ್ತಿರಿ.