ಒಂದನೇ ತಾರೀಖು ಬಾಗಿಲಿಗೆ ಬರುವ ಪಿಂಚಣಿ

ತಿಂಗಳ ಒಂದನೇ ತಾರೀಖು ಬೆಳಗಾಗುತ್ತಿದ್ದಂತೆ ಆಂಧ್ರದ ಊರೂರಿನಲ್ಲೂ ಸರ್ಕಾರಿ ನೌಕರರು ಬೀದಿಗಿಳಿದಿರುತ್ತಾರೆ. ಕೈಚೀಲದಲ್ಲಿ ನೋಟಿನ ಕಟ್ಟು, ಕೈಯಲ್ಲಿ ಮೊಬೈಲು, ಜೊತೆಗೆ ಬೆರಳಚ್ಚು ಹಿಡಿಯುವ ಪುಟ್ಟ ಯಂತ್ರ. ವಿಶಾಖಪಟ್ಟಣದಿಂದ ಕಡಲಂಚಿನ ರಸ್ತೆ ಹಿಡಿದು ಉತ್ತರಕ್ಕೆ ಹೋದರೆ ಸಿಗುವ ಭೀಮುನಿಪಟ್ಟಣದಲ್ಲೂ ಇದೇ ನೋಟ. ಜನರ ಬಾಯಲ್ಲಿ ಭೀಮಿಲಿ. ಪ್ರವಾಸಿಗರು ಇಲ್ಲಿಗೆ ಬರುವುದು ಡಚ್ಚರ ಗೋರಿಗಳನ್ನೂ ಗೋಸ್ತನಿ ನದಿ ಸಮುದ್ರ ಸೇರುವ ಜಾಗವನ್ನೂ ನೋಡಲು. 1861ರಲ್ಲೇ ಪುರಸಭೆ ಕಂಡ ಊರಿದು. ಈಗ ಮಹಾ ವಿಶಾಖಪಟ್ಟಣ ನಗರಪಾಲಿಕೆಯೊಳಗೆ ಸೇರಿದೆ. ಆದರೂ ಇಲ್ಲಿನ ಮುದುಕಿಯೊಬ್ಬಳಿಗೆ ಸರ್ಕಾರವೆಂದರೆ ಬೀದಿಯಾಚೆಯ ವಾರ್ಡ್ ಸಚಿವಾಲಯವೇ.

ಈ ಸಚಿವಾಲಯಗಳು ಶುರುವಾದದ್ದು 2019ರ ಅಕ್ಟೋಬರ್ 2ರಂದು, ಜಗನ್‌ಮೋಹನ ರೆಡ್ಡಿ ಮುಖ್ಯಮಂತ್ರಿಯಾಗಿದ್ದಾಗ. ಹಳ್ಳಿಯಲ್ಲಿ ಸುಮಾರು 2,000 ಜನಕ್ಕೆ ಒಂದು, ಪಟ್ಟಣದಲ್ಲಿ ಸುಮಾರು 4,000 ಜನಕ್ಕೆ ಒಂದು. ರಾಜ್ಯದಲ್ಲಿ ಒಟ್ಟು 15,000ದಷ್ಟು. ಒಂದೇ ಸೂರಿನಡಿ ಕಂದಾಯ, ಆರೋಗ್ಯ, ಕಲ್ಯಾಣ, ವಿದ್ಯುತ್, ಮಹಿಳಾ ರಕ್ಷಣೆ ಹೀಗೆ ಒಬ್ಬೊಬ್ಬ ಕಾರ್ಯದರ್ಶಿ. ಫಲಾನುಭವಿಗಳ ಪಟ್ಟಿಯನ್ನು ಕಚೇರಿಯಲ್ಲೇ ಎಲ್ಲರ ಕಣ್ಣಿಗೆ ಬೀಳುವಂತೆ ಹಾಕಬೇಕು. ಪಕ್ಕದ ಮನೆಯವನಿಗೆ ಬಂದದ್ದು ತನಗೇಕೆ ಬರಲಿಲ್ಲ ಎಂದು ಕೇಳುವುದಕ್ಕೆ ಬಡವನಿಗೆ ಅದೇ ದಾಖಲೆ.

ಪಿಂಚಣಿಯ ಲೆಕ್ಕ ಹೀಗಿದೆ. 60 ದಾಟಿದ ವೃದ್ಧರಿಗೆ, ವಿಧವೆಯರಿಗೆ ತಿಂಗಳಿಗೆ 4,000 ರೂಪಾಯಿ. ಅಂಗವಿಕಲರಿಗೆ 6,000, ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ 10,000, ಹಾಸಿಗೆ ಬಿಟ್ಟು ಏಳಲಾಗದವರಿಗೆ 15,000. ನನಗೆ ಹಿಡಿಸಿದ್ದು ವಯಸ್ಸಿನ ವಿಚಾರ. ಮೀನುಗಾರ, ನೇಕಾರ, ಕಳ್ಳಿಳಿಸುವವರಿಗೆ 50ಕ್ಕೇ ಪಿಂಚಣಿ, ಚಮ್ಮಾರರಿಗೆ 40ಕ್ಕೇ. ಬಲೆ ಎಳೆದ ತೋಳು ಕಚೇರಿಯ ಗುಮಾಸ್ತನ ತೋಳಿಗಿಂತ ಮೊದಲೇ ಸೋಲುತ್ತದೆ ಎಂಬುದನ್ನು ಸರ್ಕಾರ ಒಪ್ಪಿಕೊಂಡಂತಾಯಿತು. ಭೀಮಿಲಿಯಂಥ ಊರಿಗೆ ಇದು ದೊಡ್ಡ ಮಾತು. ಏಪ್ರಿಲ್ 15ರಿಂದ ಜೂನ್ 14ರವರೆಗೆ ಪೂರ್ವ ಕರಾವಳಿಯಲ್ಲಿ ಯಂತ್ರದ ದೋಣಿಗಳು ನೀರಿಗಿಳಿಯುವಂತಿಲ್ಲ. ಆ 61 ದಿನಕ್ಕೆ ಮೀನುಗಾರ ಕುಟುಂಬಕ್ಕೆ ಕೊಡುತ್ತಿದ್ದ 10,000 ರೂಪಾಯಿ 2025ರಲ್ಲಿ 20,000 ಆಯಿತು.

ಹಣ ಕೈಸೇರುವ ಬಗೆ ಸರಳ. ನೌಕರ ಹೊಸ್ತಿಲಲ್ಲಿ ನಿಂತು ಮೊಬೈಲಿನಲ್ಲಿ ಹೆಸರು ತೆರೆಯುತ್ತಾನೆ, ಅಜ್ಜಿ ಯಂತ್ರದ ಮೇಲೆ ಬೆರಳಿಡುತ್ತಾಳೆ. ದುಡಿದು ಸವೆದ ಬೆರಳಿನ ಗೆರೆಯನ್ನು ಯಂತ್ರ ಎಷ್ಟೋ ಸಲ ಗುರುತಿಸುವುದಿಲ್ಲ. ಆಗ ಕಣ್ಣಿನ ಪಾಪೆಯನ್ನೋ ಮುಖವನ್ನೋ ಹಿಡಿಯಬೇಕು. ಹೊಂದಿಕೆಯಾದರೆ ನೋಟು ಎಣಿಸಿ ಕೈಗಿಡುತ್ತಾನೆ.

ಮೊದಲು ಈ ಕೆಲಸ ಮಾಡುತ್ತಿದ್ದವರು ಸ್ವಯಂಸೇವಕರು. ಹಳ್ಳಿಯಲ್ಲಿ 50 ಮನೆಗೊಬ್ಬರಂತೆ, ತಿಂಗಳಿಗೆ 5,000 ಗೌರವಧನ. ಒಟ್ಟು ಎರಡೂವರೆ ಲಕ್ಷಕ್ಕೂ ಹೆಚ್ಚು ಮಂದಿ. ಅವರು ಆಳುವ ಪಕ್ಷದ ಕೈಯಾಳುಗಳೆಂಬ ದೂರು ಎದ್ದು, 2024ರ ಚುನಾವಣೆಗೆ ಮುನ್ನ ಚುನಾವಣಾ ಆಯೋಗ ಅವರಿಂದ ಹಣ ಹಂಚಿಸಬಾರದೆಂದಿತು. ವ್ಯವಸ್ಥೆಯ ಬೆಲೆ ಗೊತ್ತಾದದ್ದು ಆಗಲೇ. ಏಪ್ರಿಲ್‌ನಲ್ಲಿ ವೃದ್ಧರು ಉರಿಬಿಸಿಲಲ್ಲಿ ಸಚಿವಾಲಯಗಳ ಮುಂದೆ ಸಾಲು ನಿಂತರು. ಮೇ ತಿಂಗಳಲ್ಲಿ ಹಣ ಬ್ಯಾಂಕಿಗೆ ಹೋಯಿತು. ಸಾಲು ಅಲ್ಲಿಗೆ ಬದಲಾಯಿತು, ಅಷ್ಟೇ. ಜುಲೈ 1ರಂದು ಹೊಸ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ವಿಜಯವಾಡದ ಸಮೀಪದ ಪೆನುಮಾಕದಲ್ಲಿ ತಾವೇ ಮನೆಗೆ ಹೋಗಿ ಪಿಂಚಣಿ ಕೊಟ್ಟರು. ಏರಿಸಿದ ಮೊತ್ತದ ಹಿಂದಿನ ಮೂರು ತಿಂಗಳ ಬಾಕಿಯೂ ಸೇರಿ ಆ ದಿನ ವೃದ್ಧರಿಗೆ, ವಿಧವೆಯರಿಗೆ ತಲಾ 7,000. ಸ್ವಯಂಸೇವಕರು ಹೋದರು, ಸಚಿವಾಲಯದ ಕಾಯಂ ನೌಕರರೇ ಮನೆಮನೆಗೆ ಬಂದರು.

ಹುಳುಕೂ ಇದೆ. ಸರ್ಕಾರ ಬದಲಾದಂತೆ ಯೋಜನೆಯ ಹೆಸರು ವೈಎಸ್ಆರ್‌ರಿಂದ ಎನ್‌ಟಿಆರ್‌ಗೆ ಬದಲಾಗುತ್ತದೆ. ಪಂಚಾಯ್ತಿ ಕಟ್ಟಡಗಳಿಗೆ ಪಕ್ಷದ ಬಣ್ಣ ಬಳಿದದ್ದನ್ನು ಅಳಿಸಲು 2020ರಲ್ಲಿ ಹೈಕೋರ್ಟೇ ಹೇಳಬೇಕಾಯಿತು. ತೆರಿಗೆದಾರನ ದುಡ್ಡಿಗೆ ನಾಯಕರ ಮುದ್ರೆ ಒತ್ತುವ ಚಟ ಎರಡೂ ಬಣಗಳಿಗಿದೆ. ಇಷ್ಟು ದೊಡ್ಡ ಮೊತ್ತವನ್ನು ಖಜಾನೆ ಎಷ್ಟು ಕಾಲ ತಾಳೀತು ಎಂಬ ಪ್ರಶ್ನೆಯೂ ಸಣ್ಣದಲ್ಲ.

ನಮ್ಮಲ್ಲಿ 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಡಿ 1,200 ರೂಪಾಯಿ ಖಾತೆಗೆ ಜಮೆಯಾಗುತ್ತದೆ. ಖಾತೆಯ ತನಕ ಬಂದ ಹಣ ಅಜ್ಜಿಯ ಸೆರಗಿನ ಗಂಟಿಗೆ ಬರಲು ಬಸ್ ಚಾರ್ಜು, ಮೊಮ್ಮಗನ ಬಿಡುವು, ಬ್ಯಾಂಕಿನವರ ಕೃಪೆ ಎಲ್ಲವೂ ಕೂಡಿಬರಬೇಕು. ಮೊತ್ತದಲ್ಲಿ ಆಂಧ್ರದ ಜೊತೆ ಪೈಪೋಟಿ ಬೇಡ. ತಲುಪಿಸುವ ಬಗೆಯನ್ನಾದರೂ ಕಲಿಯಬಹುದು. ನಮ್ಮ ಕಂದಾಯ ಇಲಾಖೆಯವರು ಒಮ್ಮೆ ಭೀಮಿಲಿಗೆ ಹೋಗಿಬರಲಿ. ಕ್ಯಾಲೆಂಡರ್ ನೋಡಿಕೊಂಡು ಹೊರಡಬೇಕು: ಒಂದನೇ ತಾರೀಖು ಭಾನುವಾರ ಬಿದ್ದರೆ ಅಲ್ಲಿ ಪಿಂಚಣಿಯನ್ನು ಹಿಂದಿನ ದಿನವೇ ಹಂಚುತ್ತಾರೆ.